ಹೀರೋ ಬಾಡಿ ಡಬ್ಬಿಯಲ್ಲಿ ಸಿಗುತ್ತದೆಯೇ?

ಇಂಟರ್‌ವಲ್‌ಗೆ ಮುಂಚಿನ ಫೈಟು. ಖಳನಾಯಕನ ಕಡೆಯವರು ಇಪ್ಪತ್ತು ಜನ, ನಮ್ಮ ನಾಯಕ ಒಬ್ಬನೇ. ಯಾರೋ ಹಿಂದಿನಿಂದ ಎಳೆದಾಗ ಷರ್ಟು ಪರ್ರೆಂದು ಹರಿಯುತ್ತದೆ. ಅಷ್ಟೇ! ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಶಿಳ್ಳೆಯೋ ಶಿಳ್ಳೆ. ಹುರಿಗಟ್ಟಿದ ತೋಳು, ಕಲ್ಲಿನಲ್ಲಿ ಕಡೆದಂಥ ಎದೆ, ಹೊಟ್ಟೆಯ ಮೇಲೆ ಇಟ್ಟಿಗೆ ಜೋಡಿಸಿದಂತೆ ಆರು ಕಟ್ಟು!

ಚಿತ್ರ ಬಿಟ್ಟ ಮೇಲೆ ನಮ್ಮ ಹುಡುಗ ಏನು ಮಾಡುತ್ತಾನೆ? ಮನೆಗೆ ಬಂದು ಕನ್ನಡಿ ಮುಂದೆ ನಿಂತು ತೋಳು ಮಡಿಸಿ ನೋಡಿಕೊಳ್ಳುತ್ತಾನೆ. ಮಾರನೇ ದಿನ ಜಿಮ್ಮಿಗೆ ಸೇರುತ್ತಾನೆ. ವಾರ ಕಳೆಯುವಷ್ಟರಲ್ಲಿ ಯಾರೋ ಒಬ್ಬರು ಕಿವಿಯಲ್ಲಿ ಉಸುರುತ್ತಾರೆ: "ಬರೀ ಮುದ್ದೆ ಸಾರು ತಿಂದ್ರೆ ಇದೆಲ್ಲ ಆಗಲ್ಲ ಗುರೂ... ಡಬ್ಬಿ ತಗೋಬೇಕು."

ಆ ಡಬ್ಬಿಯ ಕಥೆಯೇ ಈ ವಾರದ ನಮ್ಮ ಕಥೆ. ನಾನೇನು ಡಾಕ್ಟರಲ್ಲ ಸ್ವಾಮಿ, ಪಿ.ಯು.ಸಿ. ಮೆಟ್ಟಿಲು ಹತ್ತಿ ಇಳಿದ ಹುಡುಗ. ಆದರೆ ಓದೋದಕ್ಕೆ, ಕೇಳೋದಕ್ಕೆ, ಲೆಕ್ಕ ಹಾಕೋದಕ್ಕೆ ಡಿಗ್ರಿ ಬೇಕಾಗಿಲ್ಲ. ಪುಡಿ ಯಾವುದು, ಮಾತ್ರೆ ಯಾವುದು, ಯಾರಿಗೆ ಬೇಕು, ಯಾರಿಗೆ ಬೇಡ, ಯಾವುದನ್ನು ಮುಟ್ಟಲೇಬಾರದು... ಒಂದೊಂದಾಗಿ ನೋಡೋಣ ಬನ್ನಿ.

ತೆರೆಯ ಹಿಂದಿನ ಆಟ

ಮೊದಲು ತೆರೆಯ ಮೇಲಿನ ದೇಹದ ಗುಟ್ಟು ತಿಳಿದುಕೊಳ್ಳಿ. ಆ ಷಾಟ್ ತೆಗೆಯೋದಕ್ಕೆ ಹತ್ತು ನಿಮಿಷ ಮುಂಚೆ ನಟ ದಂಡ ಹೊಡೆದು, ಭಾರ ಎತ್ತಿ ಸ್ನಾಯುಗಳಿಗೆ ರಕ್ತ ನುಗ್ಗಿಸಿಕೊಂಡಿರುತ್ತಾನೆ. ಮೈಗೆ ಎಣ್ಣೆ ಸವರಿರುತ್ತಾರೆ. ಪಕ್ಕದಿಂದ ಲೈಟು ಬಿಟ್ಟು ಪ್ರತಿ ಗೆರೆಗೂ ನೆರಳು ಬೀಳುವಂತೆ ಛಾಯಾಗ್ರಾಹಕ ನೋಡಿಕೊಳ್ಳುತ್ತಾನೆ. ಈಗಿನ ಕಾಲದಲ್ಲಿ ಉಳಿದ ಕೊರತೆಯನ್ನು ಕಂಪ್ಯೂಟರ್ ತುಂಬಿಕೊಡುತ್ತದೆ.

ಹಾಲಿವುಡ್ಡಿನ ಹೆನ್ರಿ ಕ್ಯಾವಿಲ್ ಗೊತ್ತಲ್ಲ, ಸೂಪರ್‌ಮ್ಯಾನ್ ಪಾತ್ರದವರು? 2019ರಲ್ಲಿ 'ದಿ ವಿಚರ್' ಧಾರಾವಾಹಿ ಬಂದಾಗ ಟಿ.ವಿ. ಸಂದರ್ಶನವೊಂದರಲ್ಲಿ ಅವರೇ ಬಾಯಿಬಿಟ್ಟು ಹೇಳಿದ್ದರು: ಷರ್ಟಿಲ್ಲದ ದೃಶ್ಯಕ್ಕಾಗಿ ಮೂರು ದಿನ ನೀರು ಕಡಿಮೆ ಮಾಡುತ್ತಾ ಬರಬೇಕಿತ್ತಂತೆ, ಹಸಿವಿಗಿಂತ ಆ ಬಾಯಾರಿಕೆಯೇ ದೊಡ್ಡ ನರಕವಂತೆ! ನೀರು ಬತ್ತಿದಾಗ ಚರ್ಮ ಸ್ನಾಯುವಿಗೆ ಅಂಟಿಕೊಂಡು ಗೆರೆಗಳೆಲ್ಲ ಎದ್ದು ಕಾಣುತ್ತವೆ. ನಾವು ಯಾವುದನ್ನು 'ಶಕ್ತಿ' ಅಂತ ಶಿಳ್ಳೆ ಹೊಡೆದೆವೋ, ಆ ಕ್ಷಣದಲ್ಲಿ ಆ ಮನುಷ್ಯ ಬಾಯಾರಿ ಒಣಗಿ ನಿಂತಿದ್ದ!

ಆಮೀರ್ ಖಾನ್ 2016ರ 'ದಂಗಲ್'ಗಾಗಿ ಹೊಟ್ಟೆ ಬೆಳೆಸಿ ಮತ್ತೆ ಕರಗಿಸಿದ್ದು ನಿಮಗೆ ನೆನಪಿದೆ. ಅದಕ್ಕೆ ತರಬೇತುದಾರರಿದ್ದರು, ಆಹಾರ ತಜ್ಞರಿದ್ದರು, ತಿಂಗಳುಗಟ್ಟಲೆ ಬೇರೆ ಕೆಲಸವಿಲ್ಲದೆ ಅದೊಂದೇ ಕೆಲಸವಿತ್ತು. ನಮ್ಮ ಸುದೀಪ್ 2019ರ 'ಪೈಲ್ವಾನ್'ಗೆ ಮೈ ಹುರಿಗಟ್ಟಿಸಿದ್ದೂ ತಿಂಗಳುಗಳ ಬೆವರಿನಿಂದ. ಬೆಳಿಗ್ಗೆ ಎಂಟಕ್ಕೆ ಗ್ಯಾರೇಜಿಗೋ ಗಾರ್ಮೆಂಟ್ಸಿಗೋ ಹೋಗಿ ರಾತ್ರಿ ಎಂಟಕ್ಕೆ ಬರುವ ನಮ್ಮ ಹುಡುಗ, ಅದೇ ಮೈಕಟ್ಟು ಮೂರು ತಿಂಗಳಲ್ಲಿ ಡಬ್ಬಿಯಿಂದ ಬರಲಿ ಅಂದರೆ ಹೇಗೆ ಬಂದೀತು?

ಇನ್ನು ನಮ್ಮ ಅಣ್ಣಾವ್ರು. 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಅವರು ಹಾಕಿದ ಯೋಗಾಸನಗಳನ್ನು ನೋಡಿದ್ದೀರಾ? ಆಗ ಅವರಿಗೆ ಐವತ್ತು ದಾಟಿತ್ತು! ಬಿಲ್ಲಿನಂತೆ ಬಾಗುತ್ತಿದ್ದ ಆ ದೇಹ ವರ್ಷಗಟ್ಟಲೆ ತಪ್ಪದೆ ಮಾಡಿದ ಅಭ್ಯಾಸದ ಫಲ.

ಡಬ್ಬಿಯಲ್ಲಿ ಇರೋದಾದರೂ ಏನು?

ಪ್ರೋಟೀನ್ ಪುಡಿ ಅಂದರೆ ಏನೋ ಮಾಯಾಮದ್ದು ಅಂದುಕೊಂಡವರೇ ಹೆಚ್ಚು. 'ವೇ' ಅಂತ ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಅದು ಹಾಲು ಒಡೆದಾಗ ಗಟ್ಟಿ ಒಂದು ಕಡೆ ಹೋಗಿ ಉಳಿಯುತ್ತದಲ್ಲ, ಆ ತಿಳಿ ನೀರು. ಚೀಸ್ ತಯಾರಿಸುವ ಕಾರ್ಖಾನೆಗಳಲ್ಲಿ ಉಳಿಯುವ ಆ ನೀರನ್ನು ಸೋಸಿ, ಒಣಗಿಸಿ, ಚಾಕಲೇಟಿನ ರುಚಿ ಸೇರಿಸಿ ಡಬ್ಬಿಗೆ ತುಂಬುತ್ತಾರೆ. 'ಕಾನ್ಸಂಟ್ರೇಟ್' ಅಂದರೆ 100 ಗ್ರಾಂ ಪುಡಿಯಲ್ಲಿ ಸುಮಾರು 70ರಿಂದ 80 ಗ್ರಾಂ ಪ್ರೋಟೀನ್. 'ಐಸೊಲೇಟ್' ಅಂದರೆ ಸುಮಾರು 90 ಗ್ರಾಂ, ರೇಟೂ ಜಾಸ್ತಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಎರಡನೆಯದು ಸ್ವಲ್ಪ ವಾಸಿ, ಯಾಕೆಂದರೆ ಹಾಲಿನ ಸಕ್ಕರೆ ಅದರಲ್ಲಿ ಕಡಿಮೆ.

ಇದು ಆಹಾರ, ಔಷಧಿ ಅಲ್ಲ. ಕುಡಿದು ಮಲಗಿದರೆ ತೋಳು ಬೆಳೆಯುವುದಿಲ್ಲ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುತ್ತದೆ, ಪ್ರೋಟೀನಿನಿಂದ ಅವು ದುರಸ್ತಿಯಾಗುತ್ತವೆ, ನಿದ್ದೆಯಲ್ಲಿ ಬಲಿಯುತ್ತವೆ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದೆರಡು ದಂಡ.

ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ಸಾಮಾನ್ಯ ಗಂಡಸಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್. 65 ಕಿಲೋ ತೂಗುವವನಿಗೆ 54 ಗ್ರಾಂ. ನಿಯತ್ತಾಗಿ ಭಾರ ಎತ್ತುವವನಿಗೆ ಕಿಲೋಗೆ ಸುಮಾರು 1.6 ಗ್ರಾಂವರೆಗೆ ಉಪಯೋಗಕ್ಕೆ ಬರುತ್ತದೆ ಅಂತ ಕ್ರೀಡಾ ವಿಜ್ಞಾನದ ಅಧ್ಯಯನಗಳು ಹೇಳುತ್ತವೆ; ಅಂದರೆ ಅದೇ ಹುಡುಗನಿಗೆ 104 ಗ್ರಾಂ. ಅದರಾಚೆ ಎಷ್ಟು ಸುರಿದುಕೊಂಡರೂ ಸ್ನಾಯುವಿಗೆ ಹೆಚ್ಚಿನ ಲಾಭ ಕಂಡಿಲ್ಲ.

ಹಿತ್ತಲ ಗಿಡದ ಲೆಕ್ಕ

ಈಗ ಪೆನ್ನು ಹಿಡಿಯಿರಿ. ಗ್ಯಾರೇಜಿನಲ್ಲಿ ತಿಂಗಳಿಗೆ 18,000 ರೂಪಾಯಿ ದುಡಿಯುವ ಹುಡುಗ ಅಂತ ಇಟ್ಟುಕೊಳ್ಳಿ. ಕಿಲೋ ಡಬ್ಬಿಗೆ 2,500 ರೂಪಾಯಿ ಅಂತಿರಲಿ. ಚಮಚಕ್ಕೆ 33 ಗ್ರಾಂ, ಒಂದು ಡಬ್ಬಿಗೆ 30 ಚಮಚ. "ದಿನಕ್ಕೆ ಎರಡು ಹಾಕು ಮಗಾ" ಅಂತ ಜಿಮ್ ಮಾಸ್ಟ್ರು ಹೇಳಿದರೆ ಹದಿನೈದೇ ದಿನಕ್ಕೆ ಡಬ್ಬಿ ಖಾಲಿ. ತಿಂಗಳಿಗೆ 5,000! ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು. ಮನೆ ಬಾಡಿಗೆ ಯಾರು ಕಟ್ಟುತ್ತಾರೆ? ಊರಿನಲ್ಲಿರುವ ಅವ್ವನಿಗೆ ಏನು ಕಳಿಸುತ್ತಾನೆ? ದಿನಕ್ಕೆ ಸುಮಾರು 167 ರೂಪಾಯಿ ಖರ್ಚು ಮಾಡಿ ಅವನಿಗೆ ಸಿಕ್ಕಿದ್ದು 48 ಗ್ರಾಂ ಪ್ರೋಟೀನ್.

ಅದೇ ಅಂಗಡಿ ಬೀದಿಗೆ ಬನ್ನಿ. ಮೂರು ಮೊಟ್ಟೆ, 18 ಗ್ರಾಂ. ಅರ್ಧ ಲೀಟರ್ ಹಾಲು, 16 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 30 ಗ್ರಾಂ, ಅದರಲ್ಲಿ 7. ಐವತ್ತು ಗ್ರಾಂ ಹುರಿಗಡಲೆಯಲ್ಲಿ 11. ಒಣ ಸೋಯಾ ಉಂಡೆ 30 ಗ್ರಾಂ ನೆನೆಸಿ ಪಲ್ಯಕ್ಕೆ ಹಾಕಿದರೆ 15. ಕೂಡಿ ನೋಡಿ: 67 ಗ್ರಾಂ! ಮೊಟ್ಟೆಗೆ ಏಳು ರೂಪಾಯಿ, ಹಾಲಿಗೆ ಇಪ್ಪತ್ತೈದು ಅಂತ ಹಿಡಿದರೂ ಎಲ್ಲ ಸೇರಿ ಎಪ್ಪತ್ತು ರೂಪಾಯಿಯ ಆಸುಪಾಸು. ಇದರ ಮೇಲೆ ಎರಡು ಹೊತ್ತಿನ ಮುದ್ದೆ, ಅನ್ನ, ಕಾಳು ಸಾರಿನಿಂದ ಇನ್ನೊಂದು ಮೂವತ್ತು ನಲವತ್ತು ಗ್ರಾಂ. ನಮ್ಮ ಹುಡುಗನ 104 ಅಲ್ಲಿಗೆ ಸರಿಹೋಯಿತು!

ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ ಪ್ರೋಟೀನ್ ಕಡಿಮೆ, 7 ಗ್ರಾಂ, ಆದರೆ ಮೂಳೆಗೆ ಬೇಕಾದ ಕ್ಯಾಲ್ಸಿಯಂ 300 ಮಿಲಿಗ್ರಾಂ ಮೀರಿ ಇದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ ನೋಡಿ. ಅದೇ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ, ಮೈ ಬೆಳೆಸೋದಕ್ಕೆ ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ ಅಂತಲೇ ಹೇಳಿದೆ.

ಹಾಗಾದರೆ ಪುಡಿ ಮಹಾಪಾಪವೇ? ಅಲ್ಲ. ರಾತ್ರಿ ಪಾಳಿ ಮಾಡುವವನು, ಅಡಿಗೆ ಮಾಡಲು ಜಾಗವಿಲ್ಲದ ರೂಮಿನಲ್ಲಿ ಇರುವವನು, ಮೊಟ್ಟೆ ಮಾಂಸ ಮುಟ್ಟದವನು, ದಿನಕ್ಕೆ ಒಂದು ಚಮಚ ಒಳ್ಳೆಯ ಪುಡಿ ತಗೊಂಡರೆ ತಪ್ಪೇನಿಲ್ಲ. ಆದರೆ ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರ ಮಾತಿಲ್ಲದೆ ಮುಟ್ಟಬಾರದು. ಆ ತೊಂದರೆ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ, ಹಾಗಾಗಿ ಶುರು ಮಾಡೋ ಮುಂಚೆ ಒಂದು ರಕ್ತ ಪರೀಕ್ಷೆ ಒಳ್ಳೆಯದು.

'ಮಾಸ್ ಗೇನರ್' ಅನ್ನೋ ದೊಡ್ಡ ಡಬ್ಬಿಗಳನ್ನಂತೂ ತಿರುಗಿಸಿ ಹಿಂಬದಿ ಓದಿ. ಹೆಚ್ಚಿನವುಗಳಲ್ಲಿ ಮುಕ್ಕಾಲು ಭಾಗ ಮಾಲ್ಟೊಡೆಕ್ಸ್ಟ್ರಿನ್, ಅಂದರೆ ಸಕ್ಕರೆಯ ತಮ್ಮನಂಥ ಪಿಷ್ಟದ ಪುಡಿ. ಬಾಳೆಹಣ್ಣು, ಅವಲಕ್ಕಿ, ಬೆಲ್ಲ, ಕಡಲೆಕಾಯಿ ತಿಂದರೂ ತೂಕ ಏರುತ್ತದೆ ಸ್ವಾಮಿ!

ಬೆಳ್ಳಗಿರೋದೆಲ್ಲ ಹಾಲಲ್ಲ

ಈಗ ಮೋಸದ ಕಥೆ. ಪ್ರಯೋಗಾಲಯದಲ್ಲಿ ಪ್ರೋಟೀನ್ ಅಳೆಯೋ ಸಾಮಾನ್ಯ ವಿಧಾನ ಏನು ಗೊತ್ತೇ? ಪುಡಿಯಲ್ಲಿ ಸಾರಜನಕ ಎಷ್ಟಿದೆ ಅಂತ ಅಳೆದು, ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ಪ್ರೋಟೀನ್ ಇಷ್ಟು ಅನ್ನುವುದು. ಸಾರಜನಕ ಎಲ್ಲಿಂದ ಬಂತು ಅಂತ ಆ ವಿಧಾನ ಕೇಳುವುದಿಲ್ಲ. ಕಳ್ಳನಿಗೆ ಇಷ್ಟು ಸಾಕಲ್ಲ! ಗ್ಲೈಸಿನ್, ಟಾರಿನ್ ಮುಂತಾದ ಅಗ್ಗದ ಅಮೈನೊ ಆಮ್ಲ ಬೆರೆಸಿದರೆ ಲೆಕ್ಕದಲ್ಲಿ ಪ್ರೋಟೀನ್ ಏರುತ್ತದೆ, ಮೈಗೆ ಹತ್ತುವುದಿಲ್ಲ. ಇದೇ ಸಾರಜನಕದ ಆಟವನ್ನು ಚೀನಾದಲ್ಲಿ ಹಾಲಿಗೆ ಮೆಲಮಿನ್ ಬೆರೆಸಿ ಆಡಿದ್ದರು. 2008ರಲ್ಲಿ ಅದು ಬಯಲಾದಾಗ ಮೂರು ಲಕ್ಷದಷ್ಟು ಕೂಸುಗಳು ಕಾಯಿಲೆ ಬಿದ್ದಿದ್ದವು, ಆರು ಕೂಸುಗಳು ಸತ್ತಿದ್ದವು.

ನಮ್ಮಲ್ಲೇನು ಕಡಿಮೆಯೇ? ಕೇರಳದ ವೈದ್ಯರೊಬ್ಬರ ತಂಡ ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಕೈಯಿಂದ ದುಡ್ಡು ಹಾಕಿ ಕೊಂಡು ಪರೀಕ್ಷೆ ಮಾಡಿಸಿ, 2024ರಲ್ಲಿ 'ಮೆಡಿಸಿನ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಪ್ರಕಟಿಸಿತು. 100ಕ್ಕೆ ಸುಮಾರು 70 ಪುಡಿಗಳಲ್ಲಿ ಒಳಗಿನ ಪ್ರೋಟೀನಿಗೂ ಮೇಲಿನ ಚೀಟಿಗೂ ತಾಳೆಯಿರಲಿಲ್ಲ. ಕೆಲವದರಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು!

ಚೀಟಿ ಓದುವ ವಿದ್ಯೆ

ಪೋಸ್ಟರ್ ನೋಡಿ ಚಿತ್ರ ಚೆನ್ನಾಗಿದೆ ಅಂತ ನಂಬುವವರಲ್ಲ ನೀವು. ಡಬ್ಬಿಗೂ ಅದೇ ಬುದ್ಧಿ ಇರಲಿ. ಮುಂಬದಿ ಬಿಡಿ, ಹಿಂಬದಿ ಓದಿ.

ಒಂದು, ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್. ಆ ಪ್ರಾಧಿಕಾರದ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ನಂಬರ್ ಹಾಕಿ ನಿಜವೋ ಸುಳ್ಳೋ ನೋಡಬಹುದು. ಆದರೆ ಒಂದು ಮಾತು ನೆನಪಿರಲಿ: ಲೈಸೆನ್ಸ್ ಇದೆ ಅಂದರೆ ಸರ್ಕಾರ ಆ ಡಬ್ಬಿಯನ್ನು ತೆರೆದು ಪರೀಕ್ಷಿಸಿದೆ ಅಂತ ಅರ್ಥ ಅಲ್ಲ. ಹೋಟೆಲಿಗೂ ಲೈಸೆನ್ಸ್ ಇರುತ್ತದೆ, ಸಾಂಬಾರು ಹಳಸಿರಬಹುದು.

ಎರಡು, 'ಹೆಲ್ತ್ ಸಪ್ಲಿಮೆಂಟ್' ಅಂತಲೂ 'ಔಷಧಿಯಾಗಿ ಬಳಸಲು ಅಲ್ಲ' ಅಂತಲೂ ಬರೆದಿರಬೇಕು, ದಿನಕ್ಕೆ ಎಷ್ಟು ಅನ್ನುವುದೂ ಇರಬೇಕು. ಇದು 2018ರಿಂದ ಜಾರಿಗೆ ಬಂದಿರುವ ನಿಯಮ. ಒಂದೇ ಡಬ್ಬಿ ಸಕ್ಕರೆ ಕಾಯಿಲೆ, ಬಿ.ಪಿ., ಗಂಡಸುತನ ಎಲ್ಲವನ್ನೂ ಗುಣ ಮಾಡುತ್ತದೆ ಅಂದರೆ ಅಲ್ಲೇ ಇಟ್ಟು ಬನ್ನಿ.

ಮೂರು, 'ಪ್ರೊಪ್ರೈಟರಿ ಬ್ಲೆಂಡ್' ಅಂತ ಹೆಸರು ಕೊಟ್ಟು ಹತ್ತು ವಸ್ತುಗಳನ್ನು ಒಟ್ಟಿಗೆ ತೂಗಿದ್ದರೆ, ಯಾವುದು ಎಷ್ಟು ಅಂತ ನಿಮಗೆ ಗೊತ್ತಾಗಬಾರದು ಅನ್ನುವುದೇ ಅದರ ಉದ್ದೇಶ.

ನಾಲ್ಕು, ಹೊರದೇಶದ ಡಬ್ಬಿಯಾದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಎಂ.ಆರ್.ಪಿ. ಇರುವ ಚೀಟಿ ಬೇಕು. ಬ್ಯಾಚ್ ನಂಬರ್, ತಾರೀಖು, ಒಡೆಯದ ಸೀಲು ನೋಡಿ. ಜಿಮ್ಮಿನ ಮೂಲೆಯಲ್ಲಿ ಬಿಲ್ಲಿಲ್ಲದೆ "ನಿಂಗೇಂತ ಡಿಸ್ಕೌಂಟು" ಅಂದರೆ ಬೇಡ.

ಐದು, 'ಇನ್‌ಫಾರ್ಮ್ಡ್ ಸ್ಪೋರ್ಟ್', 'ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್' ಎಂಬ ಗುರುತುಗಳಿದ್ದರೆ ಹೊರಗಿನ ಪ್ರಯೋಗಾಲಯ ನಿಷೇಧಿತ ವಸ್ತುಗಳಿಗಾಗಿ ಪರೀಕ್ಷಿಸಿದೆ ಅಂತ ಅರ್ಥ. ಪೊಲೀಸ್, ಸೇನೆ, ಕ್ರೀಡಾ ಕೋಟಾ ಕನಸಿನಲ್ಲಿ ಓಡುತ್ತಿರುವವರಿಗೆ ಇದು ಮುಖ್ಯ. ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ಪುಡಿಯಲ್ಲಿ ಇತ್ತು ಅಂತ ಗೊತ್ತಿರಲಿಲ್ಲ ಸಾರ್" ಅನ್ನೋ ಮಾತು ನಡೆಯುವುದಿಲ್ಲ.

ಮೋಸ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ಲು ಮಾತ್ರ ಜೋಪಾನ!

ಕೆಲಸ ಮಾಡೋದು ಯಾವುದು, ಮಾಡದ್ದು ಯಾವುದು?

ಕ್ರಿಯೇಟಿನ್: ಎಲ್ಲ ಪುಡಿಗಳ ಪೈಕಿ ಹೆಚ್ಚು ಪರೀಕ್ಷೆಗೆ ಒಳಗಾಗಿ ಪಾಸಾದದ್ದು ಇದು. 1832ರಲ್ಲಿ ಫ್ರಾನ್ಸಿನ ವಿಜ್ಞಾನಿ ಷೆವ್ರಲ್ ಮಾಂಸದಲ್ಲಿ ಇದನ್ನು ಕಂಡುಹಿಡಿದ. ಮಾಂಸ ತಿನ್ನದವರ ಸ್ನಾಯುಗಳಲ್ಲಿ ಇದು ಕಡಿಮೆ ಇರುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಸಾಕು, 'ಮೊನೊಹೈಡ್ರೇಟ್' ಅನ್ನೋ ಅಗ್ಗದ ಬಗೆಯೇ ಸಾಕು. ಸ್ನಾಯುವಿನಲ್ಲಿ ನೀರು ಹಿಡಿಯುವುದರಿಂದ ತೂಕ ಒಂದೆರಡು ಕಿಲೋ ಏರಬಹುದು. ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಸ್ವಲ್ಪ ಹೆಚ್ಚು ತೋರಿಸಬಹುದು. ಆದ್ದರಿಂದ ಇದನ್ನು ತಗೊಳ್ತಿದ್ದೀನಿ ಅಂತ ಡಾಕ್ಟರಿಗೆ ಹೇಳಿ.

ಬಿ.ಸಿ.ಎ.ಎ.: ಊಟದಲ್ಲಿ ಪ್ರೋಟೀನ್ ಸಾಕಷ್ಟಿದ್ದರೆ ಇದು ಬಣ್ಣದ ನೀರು.

ಪ್ರೀ ವರ್ಕೌಟ್: ಬಹುಪಾಲು ಕೆಫೀನ್. ಒಂದು ಚಮಚದಲ್ಲಿ 200, 300 ಮಿಲಿಗ್ರಾಂ ಇರುವುದುಂಟು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400ರ ಮಿತಿ ಹೇಳುತ್ತಾರೆ. ಅದರ ಮೇಲೆ ನಾಲ್ಕು ಕಾಫಿ ಕುಡಿದರೆ ಎದೆ ಡವಡವ ಅನ್ನದೆ ಇನ್ನೇನಾದೀತು?

ಟೆಸ್ಟೊಸ್ಟೆರಾನ್ ಬೂಸ್ಟರ್: ಇವುಗಳಲ್ಲಿ 'ಟ್ರಿಬ್ಯುಲಸ್' ಅಂತ ದೊಡ್ಡ ಹೆಸರು ಇರುತ್ತದೆ. ಅದು ಏನು ಗೊತ್ತಾ? ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುತ್ತದಲ್ಲ, ನಮ್ಮ ನೆಗ್ಗಿಲು ಮುಳ್ಳು! ಆರೋಗ್ಯವಂತ ಗಂಡಸರ ಮೇಲೆ ನಡೆದ ಪರೀಕ್ಷೆಗಳಲ್ಲಿ ಇದು ಆ ಹಾರ್ಮೋನನ್ನು ಏರಿಸಿದ್ದು ಕಂಡಿಲ್ಲ. ಅಶ್ವಗಂಧದ ಬಗ್ಗೆ ಕೆಲವು ಸಣ್ಣ ಅಧ್ಯಯನಗಳಲ್ಲಿ ಒತ್ತಡ ಇಳಿದು ಒಳ್ಳೆಯ ಫಲ ಕಂಡಿದೆ, ಅದು ನಿಜ. ಆದರೆ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಡೆನ್ಮಾರ್ಕ್ ದೇಶ 2023ರಲ್ಲಿ ಇದನ್ನು ನಿಷೇಧಿಸಿತು. 'ನಮ್ಮ ಹಳೇ ಬೇರು, ಏನೂ ಆಗಲ್ಲ' ಅಂತ ಹಿಡಿ ಹಿಡಿ ತಿನ್ನಬೇಡಿ.

ಕೂದಲಿಗೆ ಬಯೋಟಿನ್: ಹೀರೋ ಕ್ರಾಪು ಉದುರುತ್ತಿದೆ ಅಂತ ಮಾತ್ರೆ ನುಂಗುವವರು ಎಷ್ಟೋ ಮಂದಿ. ಗಂಡಸರ ಬೋಳು ಹೆಚ್ಚಾಗಿ ಅಪ್ಪ, ತಾತ, ಸೋದರಮಾವನಿಂದ ಬಂದ ಬಳುವಳಿ. ಕೊರತೆ ಇಲ್ಲದವನಿಗೆ ಬಯೋಟಿನ್ ಕೂದಲು ಕೊಡುವುದಿಲ್ಲ. ಇನ್ನೊಂದು ಅಪಾಯ ಕೇಳಿ: ಹೃದಯಾಘಾತ ಪತ್ತೆ ಮಾಡುವ ಟ್ರೊಪೊನಿನ್ ರಕ್ತ ಪರೀಕ್ಷೆಯನ್ನೇ ಇದು ತಪ್ಪು ದಾರಿಗೆ ಎಳೆಯಬಹುದು ಅಂತ ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಸಿದೆ.

ಎಲ್ಲ ವಿಟಮಿನ್ನೂ ಒಳ್ಳೇದಲ್ಲವೇ?

"ವಿಟಮಿನ್ ತಾನೇ, ಹೆಚ್ಚಾದರೆ ಉಚ್ಚೆಯಲ್ಲಿ ಹೋಗುತ್ತೆ" ಅನ್ನೋ ಮಾತು ಅರ್ಧ ಸತ್ಯ. ಎ, ಡಿ, ಇ, ಕೆ ಮೈಯಲ್ಲೇ ಉಳಿಯುತ್ತವೆ.

ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ 2001ರಲ್ಲಿ ಒಂದು ಭಾರಿ ಪ್ರಯೋಗ ಶುರುವಾಯಿತು. ವಿಟಮಿನ್ ಇ ಮತ್ತು ಸೆಲೆನಿಯಂ ಮಾತ್ರೆಯಿಂದ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ತಡೆಯಬಹುದೇ ಅಂತ ನೋಡುವ ಆಸೆ. 2008ರಲ್ಲಿ ಮಾತ್ರೆ ಕೊಡುವುದನ್ನು ನಿಲ್ಲಿಸಿದರು, ಲಾಭ ಕಾಣಲಿಲ್ಲ. 2011ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ವಿಟಮಿನ್ ಇ ತಗೊಂಡವರಲ್ಲಿ ಆ ಕ್ಯಾನ್ಸರ್ 17 ಪರ್ಸೆಂಟ್ ಹೆಚ್ಚಾಗಿತ್ತು! ಅದಕ್ಕೂ ಮುಂಚೆ ಫಿನ್ಲೆಂಡಿನಲ್ಲಿ 29,000 ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಕೊಟ್ಟು ನೋಡಿದ್ದರು. 1994ರಲ್ಲಿ ಫಲಿತಾಂಶ ಬಂತು: ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18 ಪರ್ಸೆಂಟ್ ಏರಿತ್ತು. ಬೀಡಿ ಸಿಗರೇಟು ಬಿಡದೆ ಮಾತ್ರೆ ನುಂಗಿ ಸರಿದೂಗಿಸುತ್ತೇನೆ ಅನ್ನುವವರು ಇದನ್ನು ಎರಡು ಸಲ ಓದಿ. ಕ್ಯಾರೆಟ್ಟು, ಪಪ್ಪಾಯಿ ತಿನ್ನಿ, ಅದಕ್ಕೇನೂ ಭಯವಿಲ್ಲ.

ನಿಜವಾಗಿ ಬೇಕಾಗುವುದು ಯಾರಿಗೆ? ಬಿ12 ಗಿಡದ ಆಹಾರದಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಶಾಕಾಹಾರಿ ಹುಡುಗರಿಗೆ ಕೈಕಾಲು ಜುಮುಜುಮು, ಸುಸ್ತು, ಬಾಯಿಹುಣ್ಣು ಬಿಡದೆ ಕಾಡಿದರೆ ರಕ್ತ ಪರೀಕ್ಷೆ ಮಾಡಿಸಿ. ಬಿಸಿಲು ಕಾಣದ ಕೆಲಸದವರಿಗೆ ವಿಟಮಿನ್ ಡಿ ಕೊರತೆ ಬರುತ್ತದೆ. ಅದಕ್ಕೆ ಡಾಕ್ಟರು ಕೊಡುವ 60,000 ಯೂನಿಟ್ಟಿನ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು. ಅದನ್ನು ದಿನಕ್ಕೊಂದು ಅಂತ ತಿಂದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರುವವರಿದ್ದಾರೆ. ಕಬ್ಬಿಣದ ಮಾತ್ರೆಯನ್ನು ಗಂಡಸರು ಪರೀಕ್ಷೆಯಿಲ್ಲದೆ ತಗೋಬಾರದು. ಗಂಡಸಿಗೆ ರಕ್ತ ಕಡಿಮೆ ಅಂದರೆ ಮೂಲವ್ಯಾಧಿಯೋ, ಹೊಟ್ಟೆ ಹುಣ್ಣೋ, ಕೊಕ್ಕೆ ಹುಳುವೋ, ಎಲ್ಲಿ ಸೋರುತ್ತಿದೆ ಅಂತ ಮೊದಲು ಹುಡುಕಬೇಕು. ಸತುವಿನ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಮೀರಿ ಬಹಳ ದಿನ ತಗೊಂಡರೆ ಮೈಗೆ ತಾಮ್ರ ಸೇರದಂತಾಗುತ್ತದೆ.

ವಿಲನ್ ಪ್ರವೇಶ!

ಇಲ್ಲಿಯವರೆಗೆ ಹೋದದ್ದು ದುಡ್ಡು. ಇನ್ನು ಮುಂದೆ ಹೋಗುವುದು ಜೀವ.

ಆರು ತಿಂಗಳಾದರೂ ತೋಳು ಬೆಳೆಯಲಿಲ್ಲ ಅಂತ ಹುಡುಗ ಕುಗ್ಗಿದಾಗ ವಿಲನ್ ಬರುತ್ತಾನೆ, ನಗುತ್ತಲೇ ಬರುತ್ತಾನೆ: "ಒಂದು ಸೈಕಲ್ ಹೊಡಿ ಬ್ರದರ್, ಎಲ್ಲಾ ಹೀರೋಗಳೂ ಮಾಡೋದೇ ಇದು." ಸೈಕಲ್ ಅಂದರೆ ಸ್ಟೆರಾಯ್ಡ್ ಸೂಜಿ ಮತ್ತು ಗುಳಿಗೆ. ನ್ಯಾಂಡ್ರೊಲೋನ್, ಸ್ಟಾನೊಜೊಲಾಲ್, ಟೆಸ್ಟೊಸ್ಟೆರಾನ್. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿ ಜಗತ್ತನ್ನು ಬೆಚ್ಚಿಬೀಳಿಸಿದ ಬೆನ್ ಜಾನ್ಸನ್‌ನ ಚಿನ್ನ ಕಿತ್ತುಕೊಂಡದ್ದು ಇದೇ ಸ್ಟಾನೊಜೊಲಾಲ್‌ಗಾಗಿ.

ಇದು ಒಳಗೆ ಮಾಡುವ ಕೆಲಸ ಕೇಳಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ 'ಹಾರ್ಮೋನ್ ತಯಾರಿಸು' ಅಂತ ವೃಷಣಗಳಿಗೆ ಸಂದೇಶ ಕಳಿಸುತ್ತಿರುತ್ತದೆ. ಹೊರಗಿನಿಂದ ಸೂಜಿಯಲ್ಲಿ ಹಾರ್ಮೋನ್ ಬಂದು ತುಂಬಿದಾಗ ಗ್ರಂಥಿ ಸುಮ್ಮನಾಗುತ್ತದೆ. ಕೆಲಸವಿಲ್ಲದ ವೃಷಣಗಳು ಕುಗ್ಗುತ್ತವೆ. ವೀರ್ಯಾಣು ಇಳಿಯುತ್ತಾ ಇಳಿಯುತ್ತಾ ಸೊನ್ನೆಗೂ ಬರಬಹುದು. ಸೂಜಿ ಬಿಟ್ಟ ಮೇಲೆ ಸರಿಹೋಗಲು ತಿಂಗಳುಗಳು, ಕೆಲವರಿಗೆ ವರ್ಷ ದಾಟುತ್ತದೆ, ಕೆಲವರಿಗೆ ಪೂರ್ತಿ ಸರಿಹೋಗುವುದೇ ಇಲ್ಲ. ಗಂಡಸಿನ ಎದೆ ಹೆಂಗಸಿನಂತೆ ಬೆಳೆಯಬಹುದು. ಹೃದಯದ ಗೋಡೆ ದಪ್ಪವಾಗುತ್ತದೆ, ಯಕೃತ್ತು ಕೆಡುತ್ತದೆ. ಇನ್ನೂ ಬೆಳೆಯುವ ವಯಸ್ಸಿನ ಹುಡುಗನಾದರೆ ಎತ್ತರವೇ ನಿಂತುಹೋಗಬಹುದು. ಒಂದೇ ಸೂಜಿ ಹಂಚಿಕೊಂಡರೆ ಎಚ್.ಐ.ವಿ., ಕಾಮಾಲೆ ಬೋನಸ್ಸು! ಗಂಡಸಾಗಿ ಕಾಣಬೇಕು ಅಂತ ಹೊರಟವನಿಗೆ ಮದುವೆಯಾಗಿ ನಾಲ್ಕು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟುವ ಯೋಗವಿಲ್ಲದಿದ್ದರೆ, ಆ ತೋಳು ಯಾರಿಗೆ ತೋರಿಸೋದಕ್ಕೆ?

ಇದರ ಜೊತೆ ಮೆಫೆಂಟರ್ಮಿನ್ ಅನ್ನೋ ಇಂಜೆಕ್ಷನ್ನೂ ಜಿಮ್ಮುಗಳಿಗೆ ನುಸುಳಿದೆ. ಆಪರೇಷನ್ ಥಿಯೇಟರಿನಲ್ಲಿ ರೋಗಿಯ ಬಿ.ಪಿ. ಕುಸಿದಾಗ ಮೇಲೆತ್ತಲು ಕೊಡುವ ಮದ್ದು ಅದು. ನೆಟ್ಟಗಿರುವ ಹುಡುಗ ಚುಚ್ಚಿಕೊಂಡರೆ ಹೃದಯ ಓಡುತ್ತದೆ, ಚಟ ಹತ್ತುತ್ತದೆ.

ಆರ್ನಾಲ್ಡ್ ಷ್ವಾರ್ಜ್‌ನೆಗರ್ ತನ್ನ ಸ್ಪರ್ಧೆಯ ದಿನಗಳಲ್ಲಿ ಸ್ಟೆರಾಯ್ಡ್ ತಗೊಂಡಿದ್ದನ್ನು ಬಹಿರಂಗವಾಗಿ ಒಪ್ಪಿಕೊಂಡವರು. ಅದೇ ಆರ್ನಾಲ್ಡ್ ಈಗಿನ ಹುಡುಗರಿಗೆ ಆ ದಾರಿ ಬೇಡ ಅಂತ ಎಚ್ಚರಿಸುತ್ತಾರೆ. ಈಗಾಗಲೇ ಚುಚ್ಚಿಕೊಂಡವರಿದ್ದರೆ ನಾಚಿಕೆ ಬಿಟ್ಟು ಹಾರ್ಮೋನ್ ತಜ್ಞರ ಹತ್ತಿರ ಹೋಗಿ, ಇದ್ದದ್ದು ಇದ್ದಂತೆ ಹೇಳಿ. ಡಾಕ್ಟರ ಹತ್ತಿರ ಮುಚ್ಚಿಟ್ಟರೆ ಮದ್ದು ತಪ್ಪುತ್ತದೆ.

ಗೋಡೆ ಮೇಲಿನ ವೈದ್ಯರು

ಈ ಪತ್ರಿಕೆ ಕೊಂಡ ಬಸ್ ಸ್ಟ್ಯಾಂಡಿನಲ್ಲೇ ತಲೆ ಎತ್ತಿ ನೋಡಿ. 'ಗುಪ್ತ ರೋಗ, ಶೀಘ್ರ ಪರಿಹಾರ' ಅನ್ನೋ ಚೀಟಿ ಯಾವುದಾದರೂ ಕಂಬಕ್ಕೆ ಅಂಟಿರುತ್ತದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಮಾಡುವುದು 1954ರ ಕಾಯ್ದೆಯಂತೆ ಅಪರಾಧ! 'ನೂರಕ್ಕೆ ನೂರು ಗಿಡಮೂಲಿಕೆ' ಅಂತ ಮಾರುವ ಇಂಥ ಎಷ್ಟೋ ಗುಳಿಗೆಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಅಮೆರಿಕದ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಮಾಡಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವನು ತಿಳಿಯದೆ ಇದನ್ನು ನುಂಗಿದರೆ ಬಿ.ಪಿ. ಪಾತಾಳಕ್ಕೆ ಕುಸಿದು ಪ್ರಾಣವೇ ಹೋಗಬಹುದು.

ಇನ್ನೊಂದು ಮಾತು, ಯಾರೂ ಬಾಯಿಬಿಟ್ಟು ಹೇಳದ್ದು. ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಸೋರಿಹೋಗುತ್ತದೆ ಅನ್ನೋದು ಬರೀ ಭಯ. ಅದು ವಯಸ್ಸಿನ ಸಹಜ ಧರ್ಮ, ಕಾಯಿಲೆ ಅಲ್ಲ, ಅದಕ್ಕೆ ಮದ್ದೂ ಬೇಕಿಲ್ಲ. ಈ ಒಂದು ಭಯವನ್ನೇ ಬಂಡವಾಳ ಮಾಡಿಕೊಂಡು ಎಷ್ಟು ಜನ ಬಂಗಲೆ ಕಟ್ಟಿದ್ದಾರೋ! ನಿಜವಾದ ತೊಂದರೆ ಇದ್ದರೆ ಅದು ಸಕ್ಕರೆ ಕಾಯಿಲೆಯ, ರಕ್ತನಾಳದ ಕಾಯಿಲೆಯ ಮೊದಲ ಸುಳಿವೂ ಆಗಿರಬಹುದು. ಎಂ.ಬಿ.ಬಿ.ಎಸ್. ಓದಿದ ಡಾಕ್ಟರನ್ನು ಕಾಣಿ.

ಕೊನೆಗೊಂದು ಮಾತು

2021ರ ಅಕ್ಟೋಬರ್ 29. ಆ ಶುಕ್ರವಾರ ಯಾವ ಕನ್ನಡಿಗ ಮರೆತಾನು? ಅಪ್ಪು ಹೋದಾಗ ವಯಸ್ಸು ಇನ್ನೂ 46. ಪುಡಿ ಕಾರಣ, ಜಿಮ್ಮು ಕಾರಣ ಅಂತ ಬಾಯಿಗೆ ಬಂದದ್ದು ಆಡಿದವರಿಗೆ ಲೆಕ್ಕವಿಲ್ಲ. ಆ ಪಾಪದ ಮಾತು ನಮಗೆ ಬೇಡ. ಆದರೆ ಆಮೇಲೆ ನಡೆದದ್ದು ನೆನಪಿಡಿ: ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಎದೆ ಪರೀಕ್ಷೆ ಮಾಡಿಸಿಕೊಳ್ಳಲು ಜನ ಸಾಲುಗಟ್ಟಿದರು, ಅದರಲ್ಲಿ ಹರೆಯದವರೂ ಇದ್ದರು. ಆ ಸಾಲಿನಲ್ಲಿ ಭಯ ಇತ್ತು, ಆದರೆ ಬುದ್ಧಿಯೂ ಇತ್ತು.

ಆದ್ದರಿಂದ ಮುಂದಿನ ತಿಂಗಳ ಡಬ್ಬಿಯ ದುಡ್ಡು ಕೈಯಲ್ಲಿದ್ದರೆ ಹೀಗೆ ಮಾಡಿ ನೋಡಿ. ಅದರಲ್ಲಿ ಒಂದು ಪಾಲು ತೆಗೆದು ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡ, ಬಿ12 ಪರೀಕ್ಷೆ ಮಾಡಿಸಿ. ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಹೃದಯದ ತೊಂದರೆ ಇತ್ತೇ ಅಂತ ಕೇಳಿ, ಡಾಕ್ಟರಿಗೆ ಹೇಳಿ. ಉಳಿದ ದುಡ್ಡಿಗೆ ಮೊಟ್ಟೆ, ಕಾಳು, ಹಾಲು, ಹಣ್ಣು. ರಾತ್ರಿ ಏಳೆಂಟು ಗಂಟೆ ನಿದ್ದೆ. ಸೆಕೆಂಡ್ ಷೋ ನೋಡಿದ ದಿನ ಬೆಳಗಿನ ಜಿಮ್ಮಿಗೆ ರಜ! ಇಷ್ಟೂ ಮಾಡಿ ಪರೀಕ್ಷೆಯಲ್ಲಿ ಏನಾದರೂ ಕೊರತೆ ಕಂಡರೆ, ಆ ಕೊರತೆಗೆ ಎಷ್ಟು ಬೇಕೋ ಅಷ್ಟು ಮಾತ್ರೆ, ಎಷ್ಟು ದಿನ ಬೇಕೋ ಅಷ್ಟು ದಿನ.

ನಾಯಕನ ಮೈಕಟ್ಟಿಗೆ ಶಿಳ್ಳೆ ಹೊಡೆಯಿರಿ, ಬೇಡ ಅಂದವರು ಯಾರು? ಜಿಮ್ಮಿಗೂ ಹೋಗಿ. ಆದರೆ ಮುಂದಿನ ಸಲ ಯಾರಾದರೂ ಡಬ್ಬಿ ಮುಂದೆ ಹಿಡಿದು "ಮೂರು ತಿಂಗಳಲ್ಲಿ ರಿಸಲ್ಟ್ ಗ್ಯಾರಂಟಿ ಬ್ರದರ್" ಅಂದರೆ, ನಗುತ್ತಲೇ ಒಂದು ಪ್ರಶ್ನೆ ಕೇಳಿ: "ಹೌದಾ ಅಣ್ಣಾ? ಬಿಲ್ಲು ಕೊಡ್ತೀರಾ?" ಅರ್ಧ ಜನ ಅಲ್ಲೇ ಜಾಗ ಖಾಲಿ ಮಾಡುತ್ತಾರೆ. ಏನಂತೀರಾ?